ಮೂರನೇ ಸೆಟ್ಟು

ಶಿವರಾತ್ರಿ ಕಳೆದ ಮೊದಲ ಶನಿವಾರ, ಭಾನುವಾರ ಹನೂರಿನ ಶಾಲೆ ಮೈದಾನದಲ್ಲಿ ನಮ್ಮ ವಾಲಿಬಾಲು. ಇಪ್ಪತ್ತೊಂದು ವರ್ಷದಿಂದ ಒಮ್ಮೆಯೂ ತಪ್ಪಿಲ್ಲ. ಕೊಳ್ಳೇಗಾಲದ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದು ಓದಿದ, ಅಂದರೆ ಓದುವುದು ಬಿಟ್ಟು ಆಡಿದ, ನಾಲ್ಕು ಜನ ಸ್ನೇಹಿತರು ನಾವು. ಕುಂತೂರಿನ ನಾನು, ಹೂಗ್ಯಂನ ಪ್ರಭುಸ್ವಾಮಿ ಒಂದು ಕಡೆ; ಕೊಳ್ಳೇಗಾಲದ ಪರಮೇಶ, ಹನೂರಿನ ಮಹದೇವು ಇನ್ನೊಂದು ಕಡೆ. ಮದುವೆಯಾದ ಮೇಲೆ ಹೆಂಡತಿಯರು ಬಂದರು, ಮಕ್ಕಳು ಹುಟ್ಟಿ ಬೆಳೆದು ಎರಡು ಕಡೆಗೂ ಆಳು ತುಂಬಿತು. ಶನಿವಾರ ಮಹದೇವು ಮನೆಯಲ್ಲಿ ಮುದ್ದೆ, ಅವರೆಕಾಳು ಸಾರು, ಹಳೇ ಮಾತು. ಭಾನುವಾರ ಬಿಸಿಲೇರುವ ಮೊದಲು ಮೂರು ಸೆಟ್ಟು. ಗೆದ್ದವರು ಒಂದು ಹಿತ್ತಾಳೆ ಚೊಂಬನ್ನು ಮನೆಗೆ ಒಯ್ದು ವರ್ಷವಿಡೀ ಜಂಬ ಕೊಚ್ಚಿಕೊಳ್ಳಬಹುದು.

ಈ ವರ್ಷ ಆಟ ಬೇಡ ಎಂದವನು ನಾನು. ಹೋದ ವರ್ಷ ಅದೇ ಮೈದಾನದಿಂದ ಪ್ರಭುವನ್ನು ಎತ್ತಿಕೊಂಡು ಹೋಗಿದ್ದೆವು. ಅವನು ತಿರುಗಿ ಬರಲಿಲ್ಲ. ಅವನು ಕುಸಿದ ಜಾಗದಲ್ಲಿ ಚೆಂಡು ಹಾರಿಸುತ್ತೀರೇನ್ರೋ ಎಂದು ಫೋನಿನಲ್ಲಿ ಪರಮೇಶನ ಮೇಲೂ ಮಹದೇವು ಮೇಲೂ ರೇಗಿದೆ. ನನಗೆ ರೇಗುವುದು ಮೂಗಿನ ತುದಿಯಲ್ಲೇ ಇರುತ್ತದೆ, ಯಾರೂ ಆಶ್ಚರ್ಯಪಡಲಿಲ್ಲ. ಆಮೇಲೆ ಪ್ರಭುವಿನ ಹೆಂಡತಿ ಯಶೋದಳೇ ಫೋನು ಮಾಡಿದಳು.

“ಆಟ ನಿಲ್ಲಿಸ್ಬ್ಯಾಡಿ ಶಾಂತಣ್ಣ. ಅವ್ರಿದ್ದಿದ್ರೆ ಒಪ್ತಿರ್ನಿಲ್ಲ. ನಾನೂ ಸೌಮ್ಯನೂ ಬತ್ತೀವಿ.”

ಅವಳೇ ಮಗಳನ್ನೂ ಕರೆದುಕೊಂಡು ಬರುತ್ತೇನೆಂದ ಮೇಲೆ ನಾನು ಯಾವ ಬಾಯಲ್ಲಿ ಬೇಡ ಎನ್ನಲಿ?

ನಾನು ರೇಗಿದ್ದರ ಕಾರಣವನ್ನು ಇಲ್ಲೇ ಹೇಳಿಬಿಡುತ್ತೇನೆ. ಹೋದ ವರ್ಷ ಎರಡು ಸೆಟ್ಟು ಮುಗಿದು ಎರಡು ಕಡೆಯವರೂ ಸಮವಾಗಿದ್ದೆವು. ಮೂರನೇ ಸೆಟ್ಟಿನ ನಡುವೆ ಪ್ರಭು ಎದೆ ಉಜ್ಜಿಕೊಳ್ಳುತ್ತ ಹೊರಗೆ ನಡೆದ. ನಾನೂ ಹಿಂದೆ ಹೋಗಿ ಹೊಂಗೆ ಮರದ ಕೆಳಗೆ ಕೂರಿಸಿದೆ. ಅಲ್ಲಿ ನಾವಿಬ್ಬರೇ.

“ಎದೆ ಹಿಡ್ಕಂಡದೆ ಕಣ್ಲಾ ಶಾಂತ. ಬೆಳಿಗ್ಗೆ ಎದ್ದಾಗ್ಲಿಂದ್ಲೂ ಇಂಗೇ ಅದೆ. ಒಸಿ ಆಸ್ಪತ್ರೆಗೆ ಓಗ್ಬುಡವಾ?” ಎಂದ.

“ಗ್ಯಾಸು ಕಣ್ಲಾ. ರಾತ್ರಿ ಆಪಾಟಿ ಅವರೆಕಾಳು ತಿಂದ್ರೆ ಇನ್ನೇನಾದದು?” ಎಂದೆ.

ನಮ್ಮ ಕಡೆ ಎದೆನೋವು ಎಂದರೆ ಮೊದಲು ಗ್ಯಾಸು, ಆಮೇಲೆ ದೃಷ್ಟಿ, ಕೊನೆಗೆ ಡಾಕ್ಟರು. ಎದುರಿನ ಅಂಗಡಿಯಿಂದ ಗೋಲಿಸೋಡಾ ತಂದು, ನಿಂಬೆಹಣ್ಣು ಹಿಂಡಿ, ಉಪ್ಪು ಹಾಕಿ ಕುಡಿಸಿದೆ. ಬೆನ್ನು ನೀವಿದೆ. ಅವನಿಗೆ ದೊಡ್ಡದಾಗಿ ಒಂದು ತೇಗು ಬಂತು. “ನೋಡ್ದಾ, ಓಯ್ತು” ಎಂದು ನಕ್ಕೆ. ಅವನೂ ನಗಲು ನೋಡಿದ. ಆಮೇಲೆ ಇನ್ನೊಂದು ಸಲ ಕೇಳಿದ, “ಓಗ್ಬುಡವಾ?” ನಮ್ಮ ಕಡೆ ಇಬ್ಬರು ಕಮ್ಮಿಯಾಗಿದ್ದರು, ಉಳಿದವರು ಅಂಕಣದಿಂದ ಕೂಗುತ್ತಿದ್ದರು. “ನಾಕು ಪಾಯಿಂಟು ಅದೆ, ಮುಗಿಸ್ಬುಟ್ಟು ಬತ್ತೀನಿ. ಇಲ್ಲೇ ಮನಗಿರು” ಎಂದು ಎದ್ದು ಹೋದೆ.

ಆ ನಾಲ್ಕು ಪಾಯಿಂಟು ಎಳೆದು ಎಳೆದು ಇಪ್ಪತ್ತು ನಿಮಿಷವಾಯಿತು. ಗೆದ್ದ ಮೇಲೆ ಕೂಗಾಟ, ಫೋಟೊ. ಚೊಂಬು ಹಿಡಿದುಕೊಂಡು ಮರದ ಹತ್ತಿರ ಹೋದಾಗ ಪ್ರಭುವಿನ ಅಂಗಿ ನೀರಿನಲ್ಲಿ ಅದ್ದಿ ತೆಗೆದ ಹಾಗೆ ಬೆವರಿನಲ್ಲಿ ನೆನೆದಿತ್ತು. ಹನೂರಿನ ಆಸ್ಪತ್ರೆಯಲ್ಲಿ ನಾಲಿಗೆಯಡಿ ಮಾತ್ರೆ ಇಟ್ಟು ಆಂಬುಲೆನ್ಸಿನಲ್ಲಿ ಕೊಳ್ಳೇಗಾಲಕ್ಕೆ ಕಳಿಸಿದರು. ಅವನ ಜೊತೆ ಕೂತವನು ನಾನು. ಕಾಮಗೆರೆ ದಾಟುವಷ್ಟರಲ್ಲಿ ನನ್ನ ಕೈಯೊಳಗಿದ್ದ ಅವನ ಕೈ ಸಡಿಲವಾಯಿತು. ಕೊಳ್ಳೇಗಾಲದ ಡಾಕ್ಟರು ಪರೀಕ್ಷೆ ಮಾಡಿ, “ಒಂದು ಗಂಟೆ ಮುಂಚೆ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು” ಎಂದು ನನಗೊಬ್ಬನಿಗೇ ಹೇಳಿದರು.

ಹೊರಗೆ ಬಂದು “ಸುಸ್ತು ಅಂತ ಕುಂತಿದ್ದ, ಇದ್ದಕ್ಕಿದ್ದಂಗೆ ಆಗೋಯ್ತು” ಎಂದೆ. ಎಲ್ಲರೂ ಅದನ್ನೇ ನಂಬಿದರು. ಹೂಗ್ಯಂನ ಹೊಲದಲ್ಲಿ ಅವನನ್ನು ಕೂರಿಸಿ ಮಣ್ಣು ಕೊಡುವಾಗ ನಾನೂ ವಿಭೂತಿ, ಪತ್ರೆ ಹಾಕಿದೆ. “ಕೊನೇಗಂಟ ನನ್ ಮಗನ ಕೈ ಹಿಡ್ಕಂಡಿದ್ದ ಪುಣ್ಯಾತ್ಮ ಕಣಪ್ಪ ನೀನು” ಎಂದು ಅವನ ಅಪ್ಪ ಎಲ್ಲರೆದುರು ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡರು. ಆ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೋ ನನಗೆ ತಿಳಿಯಲಿಲ್ಲ. ನನ್ನ ಹೆಂಡತಿ ಮಾಲಿನಿಗೂ ನಾನು ಇದನ್ನು ಹೇಳಿಲ್ಲ.

ಈ ಸಲ ಶನಿವಾರ ಮಧ್ಯಾಹ್ನ ಮಾಲಿನಿ, ಮಗನ ಜೊತೆ ಕುಂತೂರು ಬಿಟ್ಟೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿ ಕೊಳ್ಳೇಗಾಲ ದಾಟುವಷ್ಟರಲ್ಲಿ ಸಾಕಾಯಿತು. ಚಳಿ ಶಿವಶಿವಾ ಎಂದು ಹೊರಟುಹೋಗಿತ್ತು. ಮಾವಿನ ತೋಪುಗಳೆಲ್ಲ ಹೂವಾಗಿದ್ದವು, ಹನೂರಿನ ದಾರಿಯ ಹೊಂಗೆ ಮರಗಳಲ್ಲಿ ಎಳೆ ಚಿಗುರು. ಇಂಥ ಹವೆಯಲ್ಲಿ ಮನಸ್ಸಿಗೆ ಉಲ್ಲಾಸವಾಗಬೇಕು. ಮಾಲಿನಿ ಎರಡು ಸಲ “ಯಾಕ್ರೀ ಒಂಥರಾ ಇದ್ದೀರಿ?” ಎಂದಳು, ಎರಡನೇ ಸಲ ನಾನು ಅವಳ ಮೇಲೂ ರೇಗಿದೆ.

ಯಶೋದ, ಸೌಮ್ಯ ಬಸ್ಸಿನಲ್ಲಿ ಬಂದಿಳಿದರು. ಸೌಮ್ಯಳಿಗೆ ಹದಿನೈದು. ಅಪ್ಪನದೇ ಎತ್ತರ, ಅಪ್ಪನದೇ ಅಗಲ ಭುಜ. ಮೊದಲೆಲ್ಲ ಬಸ್ಸಿಳಿಯುವ ಮೊದಲೇ “ಬಾಲು ಎಲ್ಲಿ ದೊಡ್ಡಪ್ಪ?” ಎಂದು ಚೆಂಡನ್ನೇ ಕೇಳುತ್ತ ಕಿಟಕಿಯಿಂದ ಕೂಗುತ್ತಿದ್ದ ಹುಡುಗಿ. ಹೋದ ವರ್ಷ ಶಾಲೆಯಿಂದ ಜಿಲ್ಲಾ ತಂಡಕ್ಕೆ ಆಯ್ಕೆಯಾಗಿದ್ದಳು, ಆಮೇಲೆ ಯಾಕೋ ಬಿಟ್ಟಳು. ಈಗ ಬಂದವಳೇ ನನ್ನ ಕಾಲು ಮುಟ್ಟಿ, ಒಳಗೆ ಹೋಗಿ ಅಡುಗೆಮನೆ ಸೇರಿಕೊಂಡಳು.

ಊಟಕ್ಕೆ ಬಡಿಸುತ್ತ ಯಶೋದ ಮೆಲ್ಲಗೆ ಕೇಳಿದಳು, “ಶಾಂತಣ್ಣ, ಕೊನೇಲಿ ಅವ್ರು ಏನಾರ ಅಂದ್ರಾ?”

“ಏನಂದಾನವ್ವ? ಮಾತಾಡಕ್ಕೆ ಟೈಮೆಲ್ಲಿತ್ತು?” ಎಂದು ಕೊಂಚ ಜೋರಾಗಿಯೇ ಹೇಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಪರಮೇಶ ತಲೆಯೆತ್ತಿ ನನ್ನನ್ನು ನೋಡಿದ. ಯಶೋದ ಇನ್ನೊಂದು ಸೌಟು ಸಾರು ಹಾಕಿ ಮುಂದೆ ಹೋದಳು.

ಭಾನುವಾರ ಬೆಳಗ್ಗೆ ಮಹದೇವು ನೆಟ್ಟು ಕಟ್ಟಿದ. ಮೈದಾನಕ್ಕೆ ಸುಣ್ಣದ ಗೆರೆ ಎಳೆದ. ಪ್ರಭುವಿನ ಹೆಸರು ಹೇಳಿ ಎಲ್ಲರೂ ಒಂದು ನಿಮಿಷ ನಿಂತೆವು. ಸೌಮ್ಯ ಸ್ಕೋರು ಬರೆಯುತ್ತೇನೆಂದು ಪುಸ್ತಕ ಹಿಡಿದು ಕಟ್ಟೆಯ ಮೇಲೆ ಕೂತಳು. ಮೊದಲ ಸೆಟ್ಟು ಅವರದು, ಎರಡನೆಯದು ನಮ್ಮದು. ನಗು, ತಮಾಷೆ ಒಂದೂ ಇಲ್ಲ. ಪಾಯಿಂಟು ಬಂದರೂ ಯಾರೂ ಕೂಗಲಿಲ್ಲ. ಎರಡನೇ ಸೆಟ್ಟಿನ ಕೊನೆಯಲ್ಲಿ ನನ್ನ ಮಗ ಕಾಲು ಉಳುಕಿಸಿಕೊಂಡ. ನಮ್ಮ ಕಡೆ ಒಬ್ಬರು ಕಮ್ಮಿಯಾದರು.

ಎಲ್ಲರೂ ಸೌಮ್ಯಳ ಕಡೆಗೆ ತಿರುಗಿದರು. ಚೆಂಡು ಉರುಳಿಕೊಂಡು ಹೋಗಿ ಅವಳ ಕಾಲ ಹತ್ತಿರವೇ ನಿಂತಿತ್ತು. ಅವಳು ಅದನ್ನು ನೋಡಿದಳು. ಪುಸ್ತಕ ಕೆಳಗಿಟ್ಟು ಎದ್ದು, ಶಾಲೆಯ ಹಿಂದಕ್ಕೆ, ನೀರಿನ ನಲ್ಲಿಗಳಿರುವ ಕಡೆಗೆ ಹೋಗಿಬಿಟ್ಟಳು.

ಯಶೋದ ನೇರ ನನ್ನ ಹತ್ತಿರ ಬಂದಳು.

“ಇದಕ್ಕೇ ಅಣ್ಣ ನಾ ಆಟ ನಿಲ್ಲಿಸ್ಬ್ಯಾಡಿ ಅಂದಿದ್ದು. ಅವ್ಳು ಬಾಲು ಮುಟ್ಟಿ ಒಂದು ವರ್ಷ ಆಯ್ತು. ಜಿಲ್ಲಾ ಟೀಮಿಗೂ ಓಗ್ನಿಲ್ಲ. ಯಾಕೆ ಅಂತ ಮೊನ್ನೆ ಬಾಯ್ಬುಟ್ಲು. ಅವತ್ತು ಎರಡು ಸೆಟ್ಟಾದ್ಮೇಲೆ ಅವ್ರು ಸಾಕು ಕಣವ್ವ ಅಂದ್ರಂತೆ. ಇವ್ಳೇ ಕೈ ಹಿಡ್ದು ಎಳ್ಕಂಡು ಓದ್ಲಂತೆ, ಅಪ್ಪ ಇನ್ನೊಂದು ಸೆಟ್ಟು ಅಂತ. ನಾನೇ ಆಡ್ಸಿ ಸಾಯಿಸ್ದೆ ಅಂತ ಕುಂತವ್ಳೆ. ನಾ ಏನೇಳಿದ್ರೂ ಕೇಳಾಕಿಲ್ಲ, ನಾ ಆವಾಗ ಅಡುಗೆ ಮನೇಲಿದ್ದೆ. ನೀವು ಜೊತೇಲಿದ್ರಿ. ನೀವೊಂದು ಮಾತೇಳಿ ಅಣ್ಣ.”

ಒಂದು ವರ್ಷ ನಾನು ನನ್ನ ಗುಟ್ಟು ಎಂದುಕೊಂಡು ಬಚ್ಚಿಟ್ಟದ್ದು ಬರೀ ನನ್ನದಾಗಿರಲಿಲ್ಲ. “ಬೆಳಿಗ್ಗೆ ಎದ್ದಾಗ್ಲಿಂದ್ಲೂ” ಎಂದು ಅವಳಪ್ಪ ಹೇಳಿದ್ದನ್ನು ಕೇಳಿದ ಕಿವಿ ಈ ಲೋಕದಲ್ಲಿ ನನ್ನದೊಂದೇ. ಆ ಮಾತು ಆ ಹುಡುಗಿಗೆ ಸೇರಬೇಕಾದದ್ದು. ಅದನ್ನು ನಾನು ನುಂಗಿ ಕೂತಿದ್ದೆ.

ಸುಮ್ಮನೆ “ಆಟದಿಂದ ಆದದ್ದಲ್ಲ ಕಣವ್ವ” ಎಂದು ತಲೆ ಸವರಿ ಬರಬಹುದಿತ್ತು. ಹಾಗೇ ಮಾಡಿದರಾಯಿತು ಎಂದು ಒಂದು ಗಳಿಗೆ ಯೋಚಿಸಿದ್ದೂ ನಿಜ, ನಾನು ಅಷ್ಟು ಒಳ್ಳೆಯವನಲ್ಲ. ಆದರೆ ನಿಮಗೆ ಹೇಗೆ ಗೊತ್ತು ಎಂದು ಅವಳು ಕೇಳಿದರೆ? ಆ ಮಾತು ಹೇಳಿದರೆ ಅದರ ಹಿಂದೆಯೇ ಉಳಿದದ್ದೂ ಬರುತ್ತದೆ.

“ನೀನೂ ಬಾ ಯಶೋದ” ಎಂದೆ.

ಸೌಮ್ಯ ನಲ್ಲಿಯ ಕಟ್ಟೆಯ ಮೇಲೆ ಮೊಣಕಾಲಿಗೆ ಗಲ್ಲ ಊರಿ ಕೂತಿದ್ದಳು. ನಾನು ಅವಳೆದುರು ನೆಲದ ಮೇಲೇ ಕೂತೆ. ನಿಂತು ಹೇಳುವ ಧೈರ್ಯ ನನಗಿರಲಿಲ್ಲ. ಎಲ್ಲವನ್ನೂ ಹೇಳಿದೆ. ಮರದ ಕೆಳಗೆ ಕೂರಿಸಿದ್ದು, ಬೆಳಗ್ಗೆಯಿಂದ ನೋವಿದೆ ಎಂದು ಅವನು ಹೇಳಿದ್ದು, ಗ್ಯಾಸು ಎಂದು ನಾನು ನಕ್ಕದ್ದು, ಸೋಡಾ, ತೇಗು. ಆಸ್ಪತ್ರೆಗೆ ಹೋಗೋಣ ಎಂದು ಅವನು ಕೇಳಿದ್ದು, ಬಿಟ್ಟು ನಾನು ಆಡಲು ಹೋದದ್ದು. ಕೊಳ್ಳೇಗಾಲದ ಡಾಕ್ಟರ ಮಾತನ್ನೂ ಬಿಡಲಿಲ್ಲ. ಯಾರೂ ನನಗೆ ಸಮಾಧಾನ ಹೇಳಲಿಲ್ಲ, ಹೇಳಬಾರದಿತ್ತು ಕೂಡ.

ಯಶೋದ ಗೋಡೆ ಹಿಡಿದುಕೊಂಡು ಹಾಗೇ ಕುಸಿದು ಕೂತಳು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

“ಆಸ್ಪತ್ರೆಗೆ ಅಂತ ಎಷ್ಟು ಸಲ ಕೇಳುದ್ರು?” ಎಂದಳು.

“ಎಲ್ಡು ಸಲ.”

ಸೌಮ್ಯ ನನ್ನನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದಳು.

“ನಾನು ಎಳ್ಕಂಡು ಓಗೋಕೆ ಮೊದ್ಲೇ ನೋವಿತ್ತಾ ದೊಡ್ಡಪ್ಪ?”

“ಮೊದ್ಲೇ ಇತ್ತು ಕಣವ್ವ. ಆಟ ಶುರುವಾಗೋಕೂ ಮೊದ್ಲೇ. ಎದ್ದಾಗ್ಲಿಂದ್ಲೂ ಅಂದ.”

“ಅಪ್ಪ ಅಂದಿದ್ದನ್ನ ಅಂಗೇ ಏಳಿ.”

ಹೇಳಿದೆ. ಇನ್ನೊಂದು ಸಲ ಹೇಳಿಸಿದಳು. ಮೂರನೇ ಸಲವೂ ಹೇಳಿಸಿದಳು. ಆಮೇಲೆ ಮುಖ ಮುಚ್ಚಿಕೊಂಡು ಜೋರಾಗಿ ಅತ್ತಳು. ವರ್ಷದಿಂದ ಹೀಗೆ ಅತ್ತಿರಲಿಲ್ಲ ಎಂದು ಯಶೋದ ಅವಳನ್ನು ಅಪ್ಪಿಕೊಂಡ ರೀತಿಯಲ್ಲೇ ತಿಳಿಯಿತು. ನಾನು ತಲೆ ತಗ್ಗಿಸಿ ಕಾದೆ. ಸೋಡಾ ಕುಡಿಸಿದ್ದಕ್ಕೆ, ನಕ್ಕದ್ದಕ್ಕೆ, ಬಿಟ್ಟು ಹೋದದ್ದಕ್ಕೆ ಬಯ್ಯಲಿ ಎಂದು ಕಾದೆ. ಅದಕ್ಕೆಲ್ಲ ನನ್ನ ಹತ್ತಿರ ಉತ್ತರವಿತ್ತು. ಗೊತ್ತಾಗಲಿಲ್ಲ ಕಣವ್ವ, ತಪ್ಪಾಯಿತು ಕಣವ್ವ ಎಂದು ಒಂದು ವರ್ಷದಿಂದ ಮನಸ್ಸಿನಲ್ಲೇ ಹೇಳಿ ಹೇಳಿ ರೂಢಿಯಾಗಿತ್ತು.

ಅವಳು ಅದನ್ನು ಕೇಳಲೇ ಇಲ್ಲ. ಕಣ್ಣೊರೆಸಿಕೊಂಡು, “ಇದು ನಿಮಗೆ ಅವತ್ತೇ ಗೊತ್ತಿತ್ತಲ್ವಾ?” ಎಂದಳು.

“ಗೊತ್ತಿತ್ತು.”

“ಹನ್ನೊಂದನೇ ದಿನ ನಮ್ಮನೇಗೆ ಬಂದಿದ್ರಿ. ದೀಪಾವಳೀಲಿ ಬಂದಿದ್ರಿ. ಯಾಕವ್ವ ಟೀಮು ಬುಟ್ಟೆ ಅಂತ ನನ್ನೇ ಕೇಳುದ್ರಿ. ಒಂದು ವರ್ಷ ದೊಡ್ಡಪ್ಪ. ದಿನಾ ರಾತ್ರಿ ಕಣ್ಮುಚ್ಚುದ್ರೆ ನಾನು ನಮ್ಮಪ್ಪನ್ನ ಕೈ ಹಿಡ್ದು ಎಳೀತಿದ್ದೆ.”

ಸೋಡಾ ಕೊಟ್ಟದ್ದು ತಿಳಿಯದೆ ಮಾಡಿದ್ದು. ಈ ಒಂದು ವರ್ಷ ತಿಳಿದೇ ಮಾಡಿದ್ದು.

ಅವಳು ಎದ್ದು ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡಳು. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕಟ್ಟಿದಳು. ಮೈದಾನದಿಂದ ಮಹದೇವು, “ಬರ್ರಲಾ, ಬಿಸ್ಲು ಬತ್ತಾ ಅದೆ, ಆಡೀರೋ ಬುಡೀರೋ?” ಎಂದು ಕೂಗುತ್ತಿದ್ದ. ನಾನೂ ಎದ್ದೆ.

“ನಾನು ಆಡ್ತೀನಿ” ಎಂದಳು ಸೌಮ್ಯ. “ನೀವು ಬರ್ಬ್ಯಾಡಿ.”

ನಾನು ಯಶೋದಳ ಕಡೆ ನೋಡಿದೆ. ಅವಳು ಮಗಳನ್ನು ತಡೆಯಲಿಲ್ಲ. “ಆಯ್ತು ಕಣವ್ವ” ಎಂದು ನಾನು ನಲ್ಲಿಯ ಕಟ್ಟೆಯ ಮೇಲೆ ಕೂತುಕೊಂಡೆ. ತಾಯಿ ಮಗಳು ಗೋಡೆಯ ಮೂಲೆ ತಿರುಗಿ ಮೈದಾನಕ್ಕೆ ಹೋದರು.