ನನ್ನ ಎದುರು ಬಂದು, ಓದಿ ಕೇಳಿ ತಿಳಿದು

ನಾನೊಂದು ಮೊಹರು. ಗದಗಿನ ಮಂದಿಯ ಬಾಯಲ್ಲಿ ಶಿಕ್ಕಾ. ಒಂದು ಮರದ ತುಂಡು, ಅದರ ತಳಕ್ಕೆ ಅಂಟಿಸಿದ ರಬ್ಬರು, ಹಿಡಿಯಲು ಒಂದು ಗುಂಡು ಹಿಡಿಕೆ, ಇಷ್ಟೇ ನನ್ನ ದೇಹ. ಇಷ್ಟಕ್ಕೇ ಇಷ್ಟು ಸೊಕ್ಕೇ ಎನ್ನಬೇಡಿ. ನಾನು ಬೀಳುವ ತನಕ ನಿಮ್ಮಪ್ಪ ನಿಮ್ಮಪ್ಪನೇ ಎಂದು ಯಾವ ಬ್ಯಾಂಕೂ ನಂಬುವುದಿಲ್ಲ.

ಕೋರ್ಟಿನ ಹಿಂದಿನ ಓಣಿಯಲ್ಲಿ ದಾದಾಪೀರ ಎಂಬ ಮುದುಕ ನನ್ನನ್ನು ಕೊರೆದ. ಮೊಹರಿನ ಅಕ್ಷರಗಳು ತಿರುವುಮುರುವಾಗಿರುತ್ತವೆ, ಅವನು ಅವನ್ನು ಸಲೀಸಾಗಿ ಓದುತ್ತಿದ್ದ. ಕೊರೆದು ಮುಗಿಸಿ, ಊದಿ, ಒಮ್ಮೆ ಗಟ್ಟಿಯಾಗಿ ಓದಿದ: 'ಈ ದಿನ ನನ್ನ ಎದುರು ಬಂದು, ಓದಿ ಕೇಳಿ ತಿಳಿದು, ರುಜು ಮಾಡಿರುತ್ತಾರೆ.' ಕೆಳಗೆ ನೋಟರಿ ಅಸುಂಡಿ ವಕೀಲರ ಹೆಸರು. ನನ್ನನ್ನು ಪೂರ್ತಿ ಓದಿದವನು ಅವನೊಬ್ಬನೇ. ಆಮೇಲೆ ಎಲ್ಲರೂ ನಾನು ಬಿದ್ದಿದ್ದೇನೋ ಇಲ್ಲವೋ ಎಂದಷ್ಟೇ ನೋಡಿದರು.

ಅಸುಂಡಿ ವಕೀಲರ ಮೇಜಿನ ಮೇಲೆ ನನ್ನ ಸಂಸಾರ ಶುರುವಾಯಿತು. ವಕೀಲರು ಕೆಟ್ಟವರೇನಲ್ಲ, ಸೋಮಾರಿಗಳು. ಬೆಳಿಗ್ಗೆ ಬಂದು ಖಾಲಿ ಹಾಳೆಗಳ ಕೆಳಗೆ ರುಜು ಹಾಕಿಟ್ಟು ಚಹಾಕ್ಕೆ ಎದ್ದರೆ ಮಧ್ಯಾಹ್ನವೇ ವಾಪಸು. ಅಲ್ಲಿಯ ತನಕ ಟೈಪು ಮಾಡುವ ಕಸ್ತೂರಿ ಆ ಹಾಳೆಗಳಲ್ಲಿ ಬೇಕಾದ್ದು ಬಡಿದು, ನನ್ನನ್ನು ಎತ್ತಿ ಒತ್ತುತ್ತಿದ್ದಳು. ಯಾರೂ ಎದುರು ಬಂದಿರುತ್ತಿರಲಿಲ್ಲ. ಬಂದವರು ಓದುತ್ತಿರಲಿಲ್ಲ. ಓದಿದವರಿಗೆ ತಿಳಿಯುತ್ತಿರಲಿಲ್ಲ. ದಿನಕ್ಕೆ ನಲವತ್ತು ಸಲ ಮಸಿಯಲ್ಲಿ ಮಿಂದು ನಲವತ್ತು ಸುಳ್ಳು ಹೇಳುತ್ತಿದ್ದೆ. ಮೊದಮೊದಲು ಬೇಜಾರಾಗುತ್ತಿತ್ತು. ಆಮೇಲೆ ಮಜಾ ಬರತೊಡಗಿತು.

ಮನೆ ಕೊಳ್ಳುವವರನ್ನು ನೋಡುವುದೇ ದೊಡ್ಡ ಮಜಾ. ಜಾತ್ರೆಯಲ್ಲಿ ಎತ್ತಿನ ಹಲ್ಲು ಎಣಿಸುವವರು ಸಹ ಮನೆಯ ಕಾಗದ ನೋಡಲು ಬೇಸರ ಪಡುತ್ತಾರೆ. ಎಲ್ಲರದೂ ಅವೇ ಪ್ರಶ್ನೆಗಳು. ಬ್ಯಾಂಕಿನವರೇ ವಕೀಲರನ್ನು ಇಟ್ಟಿರುವಾಗ ನಮಗೆ ಬೇರೆ ಯಾಕೆ? ಹಳೆಯ ಖರೀದಿ ಪತ್ರ ಇಲಿ ತಿಂದಿದ್ದರೆ? ಮಾರುವವರು ನಮ್ಮ ಬೀಗರ ಪೈಕಿ, ಮೂವತ್ತು ವರ್ಷದ ದಾಖಲೆ ತೆಗೆಸಬೇಕೇ? ಮನೆ ಹೆಣ್ಣುಮಕ್ಕಳ ಸಹಿ ಯಾಕೆ, ಅವರು ಕೊಟ್ಟ ಮನೆಗೆ ಹೋದವರಲ್ಲವೇ? ಎಲ್ಲಕ್ಕೂ ವಕೀಲರದು ಒಂದೇ ಉತ್ತರ. "ಏನೂ ಆಗೂದಿಲ್ಲ ಬಿಡ್ರಿ."

ಮಲ್ಲೇಶಿ ಬಂದದ್ದು ಹೀಗೊಂದು ದಿನ. ಬೆಟಗೇರಿಯಲ್ಲಿ ಅವನ ತೀರಿಹೋದ ಅಪ್ಪ ಗುರುಸಿದ್ದಪ್ಪನ ಮನೆ ಇತ್ತು. ಅದನ್ನು ಮುಳಗುಂದ ಮಾಸ್ತರರಿಗೆ ಮಾರುತ್ತಿದ್ದ. ಮಾಸ್ತರರು ಬ್ಯಾಂಕಿನ ಸಾಲದಲ್ಲಿ ಕೊಳ್ಳುವವರು, ಬ್ಯಾಂಕು ವಂಶಾವಳಿ ಕೇಳಿತ್ತು. ಗುರುಸಿದ್ದಪ್ಪನಿಗೆ ಮಕ್ಕಳೆಷ್ಟು ಎಂದು ಕಸ್ತೂರಿ ಕೇಳಿದಳು. ಮಲ್ಲೇಶಿ ತಾನೊಬ್ಬನೇ ಎಂದ. ಅವಳು ಬಡಿದಳು, ನಾನು ಬಿದ್ದೆ. ಹಾಗೆ ಒಬ್ಬ ಮಗಳು ಹುಟ್ಟಲೇ ಇಲ್ಲವೆಂದಾಯಿತು.

ಆ ಮಗಳು ನೋಂದಣಿಗೆ ಮೂರು ದಿನ ಇರುವಾಗ ಬಾಗಿಲಲ್ಲಿ ನಿಂತಳು. ಮಲ್ಲೇಶಿಯ ಅಕ್ಕ ಫಕೀರವ್ವ, ಹುಬ್ಬಳ್ಳಿಯ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು. ತಲೆಗೆ ಎಣ್ಣೆ ಹಚ್ಚಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಮನೆ ಮಾರುವ ಸುದ್ದಿ ಬಸ್ಸಿನಲ್ಲಿ ಯಾರೋ ಹೇಳಿದ್ದರಂತೆ. ನಮ್ಮ ಕಡೆ ಮನೆ ಮಾರುವಾಗ ಹೆಣ್ಣುಮಕ್ಕಳನ್ನು ಕರೆಸಿ, ಸೀರೆ ಕೊಟ್ಟು ಉಡಿ ತುಂಬುತ್ತಾರೆ, ಅವರು ಹಕ್ಕು ಬಿಟ್ಟು ಹೆಬ್ಬೆಟ್ಟು ಒತ್ತುತ್ತಾರೆ. ತಮ್ಮ ಕರೆದಿದ್ದಾನೆ, ಕರೆ ತನಗೆ ಮುಟ್ಟಿಲ್ಲ ಅಷ್ಟೇ ಎಂದು ತಿಳಿದಿದ್ದಳು.

"ನಾ ಗುರುಸಿದ್ದಪ್ಪನ ಮಗಳ್ರಿ. ಹೆಬ್ಬಟ್ಟು ಎಲ್ಲಿ ಒತ್ತಬೇಕು ತೋರಸ್ರಿ" ಎಂದಳು.

ಕುರ್ಚಿಯಲ್ಲಿದ್ದ ಮುಳಗುಂದ ಮಾಸ್ತರರ ಮುಖ ಬಿಳಿಚಿತು. ಅವರು ಪ್ರಶ್ನೆ ಕೇಳುವ ಮೊದಲೇ ವಕೀಲರು, ಆಕೆ ಆ ಮನೆಯಲ್ಲಿ ಸಾಕಿದ ಹುಡುಗಿ, ಏನೂ ಆಗೂದಿಲ್ಲ, ಅವಳಿಂದಲೂ ಒಂದು ಕಾಗದ ಬರೆಸಿಕೊಡುತ್ತೇನೆ ಎಂದು ಅವರನ್ನು ಸಾಗಹಾಕಿದರು. ಮಾಸ್ತರರು ನಂಬಿ ಹೋದರು. ನಂಬುವುದು ಅವರಿಗೂ ಅನುಕೂಲವಾಗಿತ್ತು.

ಮಲ್ಲೇಶಿಗೆ ಹೇಳಿಕಳಿಸಿದರು. ಅವನು ಬಂದು ಅಕ್ಕನ ಮುಖ ನೋಡದೆ ಕಿಟಕಿ ನೋಡುತ್ತ ಕುಳಿತ. ವಕೀಲರು ಮೆಲ್ಲಗೆ, ಬಾಳೆಹಣ್ಣು ಸುಲಿದಂತೆ, ಅವಳಿಗೆ ತಿಳಿಸಿ ಹೇಳಿದರು. ಒಬ್ಬನೇ ಮಗ ಎಂದು ತಮ್ಮ ಪ್ರಮಾಣ ಮಾಡಿ ಕೊಟ್ಟಾಗಿದೆ. ಅವಳು ಮಗಳೆಂದು ಸಹಿ ಮಾಡಿದರೆ ಅವನದು ಸುಳ್ಳು ಪ್ರಮಾಣವಾಗುತ್ತದೆ, ತಮ್ಮ ಜೇಲಿಗೆ ಹೋಗುತ್ತಾನೆ. ತಮ್ಮ ಉಳಿಯಬೇಕಾದರೆ ದಾರಿ ಒಂದೇ, ತಾನು ಗುರುಸಿದ್ದಪ್ಪನ ಮಗಳಲ್ಲ ಎಂದು ಅವಳೇ ಬರೆದುಕೊಡಬೇಕು. ಕೊಟ್ಟರೆ ಉಡಿ ತುಂಬಿಸಿ ಕಳಿಸುವ ಜವಾಬ್ದಾರಿ ವಕೀಲರದು.

ತಾವೂ ಜೇಲಿಗೆ ಹೋಗಬೇಕಾದೀತು ಎಂಬುದನ್ನು ಮಾತ್ರ ವಕೀಲರು ಹೇಳಲಿಲ್ಲ. ಸುಳ್ಳಿಗೆ ಶಿಕ್ಕಾ ಹಾಕಿದ ನೋಟರಿಯನ್ನೂ ಯಾರೂ ಸುಮ್ಮನೆ ಬಿಡುವುದಿಲ್ಲ.

ಫಕೀರವ್ವ ತಮ್ಮನ ಕಡೆ ತಿರುಗಿದಳು. "ಒಂದು ಮಾತು ಕೇಳಿದ್ದರ ಹಕ್ಕು ಬಿಟ್ಟ ಕೊಡತಿದ್ದೆನಲ್ಲೋ ತಮ್ಮಾ" ಎಂದಳು. ಅವನಿಗೆ ಅದು ಗೊತ್ತಿತ್ತು. ಅಕ್ಕನೆದುರು ನಿಂತು ಕೇಳಲು ಮೋರೆ ಇರಲಿಲ್ಲ. ಅಪ್ಪ ಹಾಸಿಗೆ ಹಿಡಿದಿದ್ದ ಎರಡು ವರ್ಷ ಹುಬ್ಬಳ್ಳಿಯಿಂದ ಬಂದುಹೋಗಿ ನೋಡಿಕೊಂಡವಳು ಅವಳು.

ಕಸ್ತೂರಿ ಹಾಳೆ ಸೇರಿಸಿದಳು. ಅಭ್ಯಾಸಬಲದಿಂದ ತಂದೆಯ ಹೆಸರು ಕೇಳಿದಳು. ಫಕೀರವ್ವ ಕೂಡ ಅಭ್ಯಾಸಬಲದಿಂದ ಗುರುಸಿದ್ದಪ್ಪ ಎಂದಳು. ಟೈಪು ನಿಂತಿತು. ಗಂಡನ ಹೆಸರು ಹಾಕು ಎಂದು ವಕೀಲರು ಗದರಿದರು.

ಬಡಿದು ಮುಗಿದ ಮೇಲೆ ಫಕೀರವ್ವ ಆ ಮೇಜಿನ ಬಳಿ ಯಾರೂ ಕೇಳದ್ದನ್ನು ಕೇಳಿದಳು. "ಪೂರಾ ಓದು ತಂಗಿ. ಏನಂತ ಒತ್ತಾಕತ್ತೀನಿ ಅನ್ನೂದು ನನಗ ಗೊತ್ತಾಗಲಿ."

ಕಸ್ತೂರಿ ಓದಿದಳು. 'ಸದರಿಯವರಿಗೂ ನನಗೂ ಯಾವುದೇ ರಕ್ತಸಂಬಂಧ ಇರುವುದಿಲ್ಲ' ಎಂಬಲ್ಲಿ ನಿಲ್ಲಿಸಿ, ಇದರ ಅರ್ಥ ಗೊತ್ತಾಯಿತೇ ಎಂದಳು. ಗೊತ್ತಾಯಿತು ಎಂದು ಫಕೀರವ್ವ ತಲೆಯಾಡಿಸಿದಳು. ಹಂಚಿನ ಮೇಲೆ ರೊಟ್ಟಿ ತಿರುವಿ ತಿರುವಿ ಅವಳ ಹೆಬ್ಬೆರಳಿನ ಗೆರೆಗಳು ಸುಟ್ಟುಹೋಗಿದ್ದವು, ಗುರುತು ಮೂಡಲಿಲ್ಲ. ವಕೀಲರೇ ಆ ಬೆರಳು ಹಿಡಿದು ಮೂರು ಸಲ ಒತ್ತಿಸಿದರು. ಅದರ ಪಕ್ಕದಲ್ಲಿ ನಾನು ಬಿದ್ದೆ.

ಎದುರು ಬಂದಿದ್ದಳು. ಕೇಳಿದ್ದಳು. ತಿಳಿದಿದ್ದಳು. ಒತ್ತಿದ್ದಳು. ನನ್ನ ಆಯುಷ್ಯದಲ್ಲಿ ನಾನು ಅಕ್ಷರಕ್ಕೆ ಅಕ್ಷರ ನಿಜ ಹೇಳಿದ್ದು ಅದೊಂದೇ ಸಲ. ಅದೂ ಎಂಥ ಕಾಗದದ ಕೆಳಗೆ!

ಮಲ್ಲೇಶಿ ಅಷ್ಟರಲ್ಲಿ ಪೇಟೆಗೆ ಓಡಿ ಚೀಲ ತಂದಿದ್ದ. ಇಳಕಲ್ಲ ಸೀರೆ, ರವಿಕೆಗೆ ಹಸಿರು ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಬೇರು. ಉಡಿ ತುಂಬುವುದು ಹೆಂಗಸರ ಕೆಲಸ, ಕಸ್ತೂರಿ ಎದ್ದು ನಿಂತಳು. ಫಕೀರವ್ವ ಮಸಿ ಬೆರಳನ್ನು ಮಡಚಿಕೊಂಡು ಸೆರಗು ಒಡ್ಡಿದಳು. ಅಪ್ಪನ ಹೆಸರು ಬಿಟ್ಟುಕೊಟ್ಟು ಅವಳು ಕೇಳಿದ್ದು ಅಷ್ಟೇ.

"ತಡಿ, ತಡಿ" ಎಂದರು ವಕೀಲರು. "ಈಗ ಉಡಿ ತುಂಬಬ್ಯಾಡ ಮಲ್ಲೇಶಿ. ಮಗಳಲ್ಲದಾಕಿಗೆ ಯಾಕ ತುಂಬಿದಿ ಅಂತ ನಾಳೆ ಯಾರರ ಕೇಳಿದರ? ಅದ ದೊಡ್ಡ ಸಾಕ್ಷಿ ಆಗತೈತಿ."

ಕಾನೂನಿನ ಮಾತು, ತಪ್ಪು ಹುಡುಕಲಾಗುವುದಿಲ್ಲ. ಮಲ್ಲೇಶಿ ಚೀಲ ಹಿಂದಕ್ಕೆಳೆದುಕೊಂಡ. ಒಡ್ಡಿದ ಸೆರಗು ಇನ್ನೊಂದಿಷ್ಟು ಹೊತ್ತು ಹಾಗೇ ಇತ್ತು. ಆಮೇಲೆ ಅವಳು ಅದಕ್ಕೇ ಬೆರಳು ಒರೆಸಿಕೊಂಡು ಬಸ್ಸಿಗೆ ಹೋದಳು. ನನಗೆ ಆ ದಿನ ಮೊದಲ ಸಲ ನಾಚಿಕೆಯಾಯಿತು. ಮರುದಿನ ಮತ್ತೆ ನಲವತ್ತು ಸಲ ಬಿದ್ದೆ.

ಆರು ವರ್ಷ ಕಳೆದವು. ಬಡ್ಡಿ ಕಡಿಮೆಯೆಂದು ಮಾಸ್ತರರು ಮನೆಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಲು ಹೊರಟರು. ಹೊಸ ಬ್ಯಾಂಕಿನ ವಕೀಲೆ ಕಾಗದ ಓದುವ ಜಾತಿಯವಳು. ಒಂದೇ ಪ್ರಶ್ನೆ ಬರೆದು ಕಳಿಸಿದಳು: ಸಂಬಂಧವೇ ಇಲ್ಲದ ಹೆಂಗಸು ಸಂಬಂಧವಿಲ್ಲವೆಂದು ಯಾಕೆ ಬರೆದುಕೊಟ್ಟಳು? ಬೆಟಗೇರಿಯ ಓಣಿಯಲ್ಲಿ ವಿಚಾರಿಸಿದರೆ ಉತ್ತರ ಸಿಗಲು ಎಷ್ಟು ಹೊತ್ತು? ಆ ಹೆಂಗಸು ಮಗಳೆಂದು ಒಪ್ಪಿ ಹಕ್ಕು ಬಿಡದಿದ್ದರೆ ಸಾಲವಿಲ್ಲ ಎಂದಳು. ಆಕೆ ಬರೆದುಕೊಟ್ಟರೆ ಹಳೆಯದನ್ನು ಕೆದಕುವುದಿಲ್ಲ, ಇಲ್ಲದಿದ್ದರೆ ಮಲ್ಲೇಶಿಯ ಮೇಲೆ ಪೊಲೀಸ್ ಕೇಸು ಎಂದರು ಮಾಸ್ತರರು.

ಹೀಗೆ ಎಲ್ಲರೂ ಮತ್ತೆ ನನ್ನೆದುರು ಕೂಡಿದರು. ಮಲ್ಲೇಶಿ ಅದೇ ಸೀರೆ, ಅದೇ ಖಣ ತಂದಿದ್ದ. ಅವನ ಹೆಂಡತಿ ಅವನ್ನು ಮುಟ್ಟಲು ಒಪ್ಪಿರಲಿಲ್ಲವಂತೆ. ಫಕೀರವ್ವ ಒಳಗೆ ಬಂದದ್ದೇ ಅವನು ಅವಳ ಕಾಲಿಗೆ ಬಿದ್ದ. ಮೇಲೆ ನೋಡದೆಯೇ, "ಅಕ್ಕಾ, ನೀ ನಮ್ಮಪ್ಪನ ಮಗಳು ಅಂತ ಒಂದ ಮಾತು ಬರದು ಕೊಡು. ಇಲ್ಲೇ ಉಡಿ ತುಂಬತೀನಿ" ಎಂದು ಅತ್ತ.

ಕಸ್ತೂರಿಗೆ ಮೊದಲು ಕಂಡಿತು. ಫಕೀರವ್ವನ ಹಣೆ ಬರಿದಾಗಿತ್ತು, ಕೊರಳಲ್ಲಿ ತಾಳಿ ಇರಲಿಲ್ಲ. ಗಂಡ ತೀರಿ ಎರಡು ವರ್ಷವಾಗಿತ್ತು. ಇನ್ನು ಆ ಉಡಿಯನ್ನು ಯಾರೂ ತುಂಬುವುದಿಲ್ಲ. ಸುದ್ದಿ ತಮ್ಮನಿಗೆ ಗೊತ್ತೇ ಇರಲಿಲ್ಲ.

ಅವನು ಈಗ ತಲೆಯೆತ್ತಿದ. ನನಗ್ಯಾಕ ಹೇಳಿ ಕಳಸಲಿಲ್ಲ ಎಂದು ತೊದಲಿದ.

"ತವರಿಗೆ ಹೇಳಿ ಕಳಸೂದು ರೂಢಿ" ಎಂದಳು ಫಕೀರವ್ವ. ದನಿ ಏರಲಿಲ್ಲ. ವಕೀಲರ ಕಡೆ ತಿರುಗಿದಳು. "ನಾ ಆ ಮನಿ ಮಗಳಲ್ರಿ. ಓದಿಸಿ ಕೇಳಿ ಬರದು ಕೊಟ್ಟೀನಿ. ಶಿಕ್ಕಾ ಐತಿ, ನೋಡ್ರಿ."

ಅಷ್ಟು ಹೇಳಿ ಹೊರಟುಹೋದಳು. ಮಲ್ಲೇಶಿ ಚೀಲ ಹಿಡಿದು ಅವಳ ಹಿಂದೆ ಓಡುವಾಗ ಹೊಸ್ತಿಲಲ್ಲಿ ಎಡವಿ ಎಲ್ಲ ಚೆಲ್ಲಿತು. ಮಾಸ್ತರರು ನೇರ ಪೊಲೀಸ್ ಠಾಣೆಗೆ ನಡೆದರು. ಮಲ್ಲೇಶಿ ಸೀರೆಯನ್ನು ಮಾತ್ರ ಮರೆಯದೆ ಆರಿಸಿಕೊಂಡು ಅವರ ಹಿಂದೆ ಓಡಿದ. ಈಗಲೂ ಕೋರ್ಟಿಗೆ ಅಲೆಯುತ್ತಿದ್ದಾನೆ. ಅಸುಂಡಿ ವಕೀಲರು ಹೇಳುತ್ತಿದ್ದಂತೆ ಅವರಿಗೆ ಮಾತ್ರ ಏನೂ ಆಗಲಿಲ್ಲ. ಪೊಲೀಸರು ಬಂದಾಗ, ಇವರೆಲ್ಲ ನನ್ನ ಎದುರು ಬಂದು, ಓದಿ ಕೇಳಿ ತಿಳಿದೇ ರುಜು ಮಾಡಿದ್ದಾರೆ ಎಂದರು. ನನ್ನ ಮಾತನ್ನೇ ಆಡಿ ಪಾರಾದರು.

ನನ್ನ ರಬ್ಬರು ಬಿರಿದಿತ್ತು. ತಾನೇ ಮಸಿ ಹಚ್ಚಿಕೊಳ್ಳುವ ಹೊಸ ಶಿಕ್ಕಾ ಬಂತು, ಅದರ ಹೊಟ್ಟೆಯಲ್ಲೂ ಅದೇ ವಾಕ್ಯ. ನನ್ನನ್ನು ಮೇಜಿನ ಕೆಳಗಿನ ಖಾನೆಗೆ ಹಾಕಿದರು. ಇಲ್ಲಿ ಕತ್ತಲೆ, ಜಿರಲೆ, ಒಣಗಿದ ಅಂಟಿನ ಶೀಶೆ. ಹೊರಗೆ ಜನ ಅವೇ ಪ್ರಶ್ನೆ ಕೇಳುತ್ತಿರುತ್ತಾರೆ. ಸಾವಿರಾರು ಮಂದಿ ನನ್ನನ್ನು ಸುಳ್ಳಿಗೆ ಬಳಸಿಕೊಂಡರು. ನನ್ನ ಮಾತಿಗೆ ಕೊನೆಯ ತನಕ ಕಟ್ಟುಬಿದ್ದವಳು ಫಕೀರವ್ವ ಒಬ್ಬಳೇ, ಅವಳಿಗೇ ನಾನು ಅತಿ ದೊಡ್ಡ ಅನ್ಯಾಯ ಮಾಡಿದ್ದೇನೆ.

ಮಲ್ಲೇಶಿಯ ಚೀಲ ಚೆಲ್ಲಿದ ದಿನ ಸಂಜೆ ಕಸ ಗುಡಿಸುವಾಗ ಮೇಜಿನ ಕೆಳಗೆ ಹಸಿರು ಖಣ ಸಿಕ್ಕಿತು. ಕಸ್ತೂರಿ ಅದನ್ನು ಮನೆಗೆ ಒಯ್ಯಲಿಲ್ಲ, ಎಸೆಯಲೂ ಇಲ್ಲ. ಮಡಚಿ ಈ ಖಾನೆಯ ತಳಕ್ಕೆ ಹಾಸಿದಳು. ಅದರ ಮೇಲೆಯೇ ನಾನು ಮುಖ ಕೆಳಗೆ ಮಾಡಿ ಬಿದ್ದಿದ್ದೇನೆ. ನನ್ನಲ್ಲಿ ಉಳಿದಿದ್ದ ಮಸಿಯೆಲ್ಲ ಅದಕ್ಕೆ ಹತ್ತಿದೆ.