ಎಂಟನೆಯ ಕೋಣೆ

"ಬಾಗಿಲು ಎಲ್ಲಿ ಹೋಯ್ತು?"

ಅವಳು ಯಾರನ್ನೂ ಕೇಳಿದ್ದಲ್ಲ. ಅವಳ ಜೊತೆ ಬಂದ ಇಪ್ಪತ್ತು ಜನರ ಗುಂಪು ಕತ್ತೆತ್ತಿ ಮೇಲಿನ ತೊಲೆಗಳನ್ನು ನೋಡುತ್ತಿತ್ತು. ಬಾಗಿಲಿದ್ದ ಕಡೆ ಬರೀ ಚೌಕಟ್ಟು. ಕೀಲು ಕಿತ್ತ ಜಾಗದಲ್ಲಿ ಮರ ಬೆಳ್ಳಗೆ ಕಾಣುತ್ತಿತ್ತು. ಆ ಬಾಗಿಲಿಗೆ ತೆರೆಯುವಾಗ ಒಂದು ದನಿ, ಮುಚ್ಚುವಾಗ ಒಂದು ದನಿ ಇತ್ತು. ಬಂದದ್ದು ಗಂಡನೋ ಗಾಳಿಯೋ ಎಂದು ಅವಳು ಒಲೆಯ ಮುಂದಿನಿಂದಲೇ ಹೇಳುತ್ತಿದ್ದಳು.

ಅದು ನಗರಸಭೆಯ ಹಳೆಯ ಕಟ್ಟಡ. ದೊಡ್ಡ ಮೆಟ್ಟಿಲ ಬೆನ್ನಿಗೆ ಅಂಟಿಕೊಂಡಂತಿದ್ದ ಆ ಒಂದು ಕೋಣೆಯಲ್ಲಿ, ವಾಚ್‌ಮನ್‌ನ ಹೆಂಡತಿಯಾಗಿ, ಅವಳು ಇಪ್ಪತ್ತೇಳು ವರ್ಷ ಬಾಳಿದ್ದಳು. ಹೋದ ಸೋಮವಾರ ಸಾಹೇಬರು ಗಂಡನನ್ನು ಕರೆಸಿದ್ದರು. ಗುರುವಾರದಿಂದ ನಾಲ್ಕು ದಿನ ಊರಿನ ಹೆಸರುವಾಸಿ ಕಟ್ಟಡಗಳನ್ನೆಲ್ಲ ಜನರಿಗೆ ಪುಕ್ಕಟೆಯಾಗಿ ತೋರಿಸುತ್ತೇವೆ, ನಿಮ್ಮ ಕೋಣೆಯನ್ನೂ ಸೇರಿಸಿದ್ದೇವೆ, ಒಂದು ವಾರ ಎಲ್ಲಾದರೂ ಇದ್ದುಬಿಡಿ ಎಂದಿದ್ದರು.

"ಒಂದೇ ವಾರ ಕಣೇ," ಎಂದು ಗಂಡ ಬಂದು ಹೇಳಿದ್ದ. "ನಮ್ಮನೆ ನೋಡೋಕೆ ಜನ ಸಾಲು ನಿಲ್ತಾರೆ ಅಂದ್ರೆ ಸುಮ್ನೇನಾ?"

ಅವನ ಹಿಗ್ಗು ಕಂಡು ಅವಳೂ ಹಿಗ್ಗಿದ್ದಳು. ನೆಲ ಒರೆಸಿ, ಗ್ಯಾಸ್ ಒಲೆ ತಿಕ್ಕಿ, ಪಾತ್ರೆ ಬೆಳಗಿ ಸಾಲಾಗಿ ಜೋಡಿಸಿಟ್ಟು ತಂಗಿಯ ಮನೆಗೆ ಹೋಗಿದ್ದಳು. ಬಂದವರು ನೋಡಿ ಆಡಿಕೊಳ್ಳಬಾರದಲ್ಲ.

ಇವತ್ತು ಭಾನುವಾರ, ಕೊನೆಯ ದಿನ. ಊಟ ಮುಗಿದದ್ದೇ ತಂಗಿ ಚಪ್ಪಲಿ ಮೆಟ್ಟಿ ನಿಂತಿದ್ದಳು. "ಊರೆಲ್ಲ ನೋಡ್ತಿದೆ ನಿನ್ ಮನೇನ. ನಾನೂ ನೋಡ್ತೀನಿ ಬಾರೇ ಅಕ್ಕಾ. ಇಷ್ಟು ವರ್ಷದಲ್ಲಿ ಒಂದಿನ ಕರೆದ್ಯಾ? ಕರೆದಿದ್ರೆ ಒಬ್ಬರು ಎದ್ದ ಮೇಲೆ ಇನ್ನೊಬ್ಬರು ಕೂರ್ಬೇಕಿತ್ತು, ಅದು ಬೇರೆ ಮಾತು."

ಬಿಸಿಲಲ್ಲಿ ಒಂದೂವರೆ ಗಂಟೆ ಸಾಲು. ಮುಂದಿನ ಗೇಟಿನಲ್ಲಿ ಗಂಡ ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು ಹಗ್ಗ ಹಿಡಿದಿದ್ದ. ಎತ್ತುವುದು, ಇಪ್ಪತ್ತು ಎಣಿಸುವುದು, ಇಳಿಸುವುದು. ಅವಳ ಸರದಿ ಬಂದಾಗ ಸಾಹೇಬರು ಪಕ್ಕದಲ್ಲೇ ಇದ್ದರು.

"ಅಮ್ಮಾ, ನೀವು ಎಡಗಡೆ ಬನ್ನಿ," ಅಂದ ಗಂಡ.

ತಂಗಿ ಬಾಯಿಗೆ ಕೈ ಅಡ್ಡ ಹಿಡಿದಳು. "ಅಮ್ಮ ಅಂತೆ! ಮದುವೆಯಾದಾಗಿಂದ ಭಾವ ನಿಂಗೆ 'ನೀವು' ಅಂದಿದ್ದು ಇವತ್ತೇ ಅಲ್ವೇನೇ? ಮರ್ಯಾದೆ ಬೇಕು ಅಂದ್ರೆ ಸಾಲಲ್ಲಿ ಬರ್ಬೇಕು ನೋಡು."

ಅವಳಿಗೂ ನಗು ಬಂದಿತ್ತು. ಏಳು ಕೋಣೆ ಕಳೆಯುವವರೆಗೂ ಆ ನಗು ತುಟಿಯ ಮೇಲೆ ಇತ್ತು.

ಎಂಟನೆಯದರಲ್ಲಿ ಅವಳ ಗ್ಯಾಸ್ ಒಲೆ ಇರಲಿಲ್ಲ. ಅದಿದ್ದ ಕಟ್ಟೆಯ ಮೇಲೆ ಕಬ್ಬಿಣದ ಇದ್ದಿಲ ಒಲೆ, ಅದರೊಳಗೆ ಎಂದೂ ಕೆಂಡವಾಗದ ಇದ್ದಿಲು. ಹೋದ ವರ್ಷ ಅವಳೇ ಬಳಿದಿದ್ದ ತಿಳಿಹಸಿರು ಬಣ್ಣವನ್ನು ಹೆರೆದು ಇಟ್ಟಿಗೆ ತೋರಿಸಿದ್ದರು. ಬೆಳಗಿನ ಹೊತ್ತು ಅಪ್ಪ ಕಲಿಸಿದ ಪದ್ಯಗಳನ್ನು ದೇವರಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಅವಳು ಹೇಳಿಕೊಳ್ಳುತ್ತಿದ್ದ ಮೂಲೆಯಲ್ಲಿ, ಗಿರಿಜಾ ಮೀಸೆಯ ಯಾರದೋ ಪಟ ತೂಗುತ್ತಿತ್ತು.

"ಮುಂದೆ ಬನ್ನಿ, ಮುಂದೆ ಬನ್ನಿ," ಎಂದಳು ಕಿವಿಗೆ ಮೈಕು ಸಿಕ್ಕಿಸಿಕೊಂಡಿದ್ದ ಹುಡುಗಿ. ಕಟ್ಟಡದ ಕಥೆ ಹೇಳುವುದು ಅವಳ ಕೆಲಸ. "ಇದು ಕಾವಲುಗಾರನ ಕೋಣೆ. ನೂರಿಪ್ಪತ್ತು ವರ್ಷದ ಹಿಂದೆ ಮೊದಲನೇ ಕಾವಲುಗಾರ ಸಂಸಾರ ಸಮೇತ ಇಲ್ಲೇ ಇದ್ದ. ಆಮೇಲೆ ಕೋಣೆ ಬಹಳ ಕಾಲ ಖಾಲಿ ಬಿದ್ದಿತ್ತು."

"ಖಾಲಿನಾ?" ತಂಗಿ ತಡೆಯಲಾರದೆ ಕೇಳಿದಳು. "ಹಂಗಾದ್ರೆ ನಮ್ಮಕ್ಕ ಇಪ್ಪತ್ತೇಳು ವರ್ಷ ಇಲ್ಲಿ ದೆವ್ವ ಆಗಿದ್ಲೇನಮ್ಮಾ?"

ಗುಂಪು ಗೊಳ್ಳೆಂದಿತು. ಹುಡುಗಿ ಗಾಬರಿಯಿಂದ ಕಾಗದ ತಿರುವಿದಳು. "ನಂಗೆ ಬರೆದುಕೊಟ್ಟಿರೋದು ಇಷ್ಟೇ ಆಂಟಿ. ದೆವ್ವದ ವಿಷಯ ಇದರಲ್ಲಿಲ್ಲ."

ಪಕ್ಕದ ಹೆಂಗಸೊಬ್ಬಳು ಲೊಚಗುಟ್ಟಿದಳು. "ಇಷ್ಟರಲ್ಲಿ ಹೆಂಗಿರ್ತಿದ್ರೋ, ಪಾಪ. ನಮ್ಮ ಬಚ್ಚಲು ಇದಕ್ಕಿಂತ ದೊಡ್ಡದು."

"ಚೆನ್ನಾಗೇ ಇದ್ವಿ," ಅಂದಳು ಅವಳು.

ಇಂಥ ಗುಂಪಿನಲ್ಲಿ ತಲೆ ಸರಿಯಿಲ್ಲದವರು ಒಬ್ಬರು ಇದ್ದೇ ಇರುತ್ತಾರೆ ಎಂಬಂತೆ ಆ ಹೆಂಗಸು ಒಂದು ಹೆಜ್ಜೆ ಸರಿದು ನಿಂತಳು.

ಆಗ ಚೌಕಟ್ಟಿನ ಮೇಲಿನ ಹಲಗೆ ಕಣ್ಣಿಗೆ ಬಿತ್ತು. ದಾರಿಯುದ್ದಕ್ಕೂ ಬಾಣದ ಗುರುತುಗಳೆಲ್ಲ ರಟ್ಟಿನವು, ಅಂಟಿಸಿದವು. ಇದು ಹಿತ್ತಾಳೆಯದು. 'ಕೋಣೆ ಎಂಟು' ಎಂದು ಅಕ್ಷರ ಕೊರೆಸಿ, ಗೋಡೆ ತೂತು ಮಾಡಿ, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ ಬಿಗಿದಿದ್ದರು.

"ಒಂದು ವಾರಕ್ಕೆ ಯಾರಾದ್ರೂ ಇಷ್ಟು ಗಟ್ಟಿಯಾಗಿ ಬಿಗೀತಾರೇನೇ?" ಎಂದು ಅವಳು ತಂಗಿಯನ್ನು ಕೇಳಿದಳು. ತಂಗಿ ಈ ಸಲ ನಗಲಿಲ್ಲ.

ಹಿಂದಿನ ಜಗುಲಿಯಲ್ಲಿ, ಜನ ಹೊರಗೆ ಹೋಗುವ ದಾರಿಯಲ್ಲಿ, ಸಾಹೇಬರು ಬಂದವರಿಂದ ಪುಸ್ತಕದಲ್ಲಿ ಅಭಿಪ್ರಾಯ ಬರೆಸಿಕೊಳ್ಳುತ್ತಿದ್ದರು. ಅವಳನ್ನು ಕಂಡು ಅವರ ಮುಖ ಅರಳಿತು.

"ನೋಡಿದ್ರೇನಮ್ಮಾ? ನಿಮ್ಮ ಕೋಣೆ ಮುಂದೆ ಮೇಲಿನ ಸಭಾಂಗಣ ಕೂಡ ಸಪ್ಪೆ! ಎಲ್ಲರೂ ಅದನ್ನೇ ಬರೆದಿದಾರೆ."

"ನಮ್ಮ ಸಾಮಾನು ಎಲ್ಲಿದೆ ಸಾರ್? ನಾಳೆ ವಾಪಸ್ ಬರ್ಬೇಕಲ್ಲ."

"ಉಗ್ರಾಣದಲ್ಲಿ ಜೋಪಾನವಾಗಿದೆ. ನಾಳೆ ಅಂದ್ರೆ... ಇನ್ಮೇಲೆ ಪ್ರತಿ ಭಾನುವಾರ ತೋರಿಸ್ಬೇಕು ಅಂತ ಮೇಲಿಂದ ಬಂದಿದೆ."

"ಭಾನುವಾರ ಬೆಳಿಗ್ಗೆ ಎದ್ದು ಹೊರಗೆ ಹೋಗ್ತೀವಿ. ಸಂಜೆ ಬರ್ತೀವಿ."

"ಅಡುಗೆ ಮಾಡಿದ್ರೆ ಗೋಡೆ ಕಪ್ಪಾಗುತ್ತಲ್ಲಮ್ಮಾ. ಹಳೇ ಗೋಡೆ ಅದು."

"ಇಷ್ಟು ದಿನ ಅದನ್ನ ನೋಡಿಕೊಂಡಿದ್ದು ನಾನೇ ಅಲ್ವಾ ಸಾರ್?"

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. "ಅಲ್ಲಿರೋಕೆ ನಿಮ್ಮ ಹತ್ರ ಕಾಗದ ಏನಾದ್ರೂ ಇದ್ಯಾ?"

ಇರಲಿಲ್ಲ. ಹಿಂದೆ ಯಾವ ಕಾಲದಲ್ಲೋ ಇದ್ದ ಸಾಹೇಬರು ಮೆಟ್ಟಿಲ ಮೇಲೆ ನಿಂತು "ಇರ್ರಪ್ಪಾ" ಅಂದಿದ್ದರು. ಆ ಒಂದು ಮಾತಿನ ಮೇಲೆ ಇಪ್ಪತ್ತೇಳು ವರ್ಷದ ಸಂಸಾರ ನಿಂತಿತ್ತು.

"ನೋಡೋಣ," ಅಂದರು ಸಾಹೇಬರು. "ಬೇರೆ ಏನಾದ್ರೂ ಮಾಡೋಕಾಗುತ್ತಾ, ನೋಡೋಣ."

ಊರಿಗೆಲ್ಲ ನೋಡಲು ಸಿಕ್ಕಿತ್ತು. ಅವಳಿಗೆ ಸಿಕ್ಕಿದ್ದು 'ನೋಡೋಣ'.

ಕಟ್ಟಡ ಸುತ್ತಿ ಅವಳು ಮುಂದಿನ ಗೇಟಿಗೆ ಬರುವ ಹೊತ್ತಿಗೆ ದಿನದ ಕೊನೆಯ ಗುಂಪು ಹಗ್ಗದ ಮುಂದೆ ಕಾಯುತ್ತಿತ್ತು. ತಂಗಿ ದೂರದಲ್ಲೇ ನಿಂತಳು.

"ರೀ, ಇವರ ಜೊತೆ ನನ್ನನ್ನೂ ಒಳಗೆ ಬಿಡಿ."

"ಈಗ ತಾನೇ ನೋಡ್ಕೊಂಡು ಬಂದ್ಯಲ್ಲೇ." ಹತ್ತಿರದಲ್ಲಿ ಸಾಹೇಬರಿರಲಿಲ್ಲ.

"ನೋಡೋಕಲ್ಲ, ಕೂರೋಕೆ. ಆ ಕೆಲ್ಸಕ್ಕೆ ಬಾರದ ಒಲೆ ಮುಂದೆ ಕೂತ್ಕೋತೀನಿ. ಇದು ನಿಮ್ಮ ಮನೆ ಅಂತ ಬರೆದುಕೊಡೋವರೆಗೂ ಏಳಲ್ಲ. ನಾನು ಎದುರಿಗೆ ಕೂತಿರೋವಾಗ ಆ ಹುಡುಗಿ ಖಾಲಿ ಅಂತ ಹೆಂಗೆ ಓದ್ತಾಳೋ ಓದ್ಲಿ. ಇವತ್ತು ತಪ್ಪಿದ್ರೆ ಮುಂದಿನ ಭಾನುವಾರದ ಹೊತ್ತಿಗೆ ನಾನೂ ಬರೀ ನೋಡೋಕೆ ಬಂದವಳಾಗ್ತೀನಿ."

"ತಲೆ ಕೆಟ್ಟಿದ್ಯಾ? ಮನೆ ಜೊತೆ ಕೆಲ್ಸಾನೂ ಹೋಗ್ಲಿ ಅಂತೀಯಾ?"

"ನೀವೇನೂ ಮಾಡ್ಬೇಡಿ. ಎಣಿಸೋವಾಗ ಒಂದು ತಪ್ಪಿ ಅಷ್ಟೇ."

"ಸಾಹೇಬರು ನೋಡೋಣ ಅಂದಿದಾರೆ ಕಣೇ. ಮಧ್ಯೆ ಗಲಾಟೆ ಎಬ್ಬಿಸಿದ್ರೆ ಆಗೋದೂ ಕೆಡುತ್ತೆ."

ಅವಳು ಅವನ ಮುಖವನ್ನೇ ನೋಡಿದಳು. ಸಾಹೇಬರು ಆ ಮಾತು ತನಗೆ ಹೇಳಿ ಹತ್ತು ನಿಮಿಷ ಆಗಿರಲಿಲ್ಲ. ಇವನು ಗೇಟು ಬಿಟ್ಟು ಕದಲಿರಲಿಲ್ಲ.

"ನಿಮಗೆ ಯಾವಾಗ ಅಂದ್ರು?"

ಅವನು ಹಗ್ಗದ ಕೊಕ್ಕೆ ಸರಿಮಾಡಿದ.

"ಯಾವಾಗ ಅಂದ್ರು ರೀ?"

"ಬುಧವಾರ. ಹಲಗೆ ಹಾಕೋವಾಗ ಏಣಿ ಹಿಡ್ಕೊಂಡಿದ್ದು ನಾನೇ. ನಾವು ವಾಪಸ್ ಬರ್ಬಹುದಾ ಅಂತ ಆಗ್ಲೇ ಕೇಳ್ದೆ."

ಬುಧವಾರ. ಆಮೇಲೆ ದಿನವೂ ತಂಗಿಯ ಮನೆಯಲ್ಲಿ ಅವಳು ಬಡಿಸಿದ್ದನ್ನು ಉಣ್ಣುತ್ತಾ, ಇನ್ನು ಮೂರು ದಿನ, ಇನ್ನೆರಡು, ಇನ್ನೊಂದೇ ಎಂದು ಎಣಿಸಿ ಹೇಳಿದ್ದು ಇವನೇ.

"ಏನ್ರೀ, ಬಿಡ್ತೀರೋ ಇಲ್ವೋ? ಸಂಸಾರ ಆಮೇಲೆ ಮಾಡ್ಕೊಳ್ಳಿ," ಸಾಲಿನಿಂದ ಯಾರೋ ಕೂಗಿದರು.

ಅವನು ಹಗ್ಗ ಎತ್ತಿ ಒಬ್ಬೊಬ್ಬರನ್ನೇ ಎಣಿಸಿ ಒಳಗೆ ಬಿಟ್ಟ. ಇಪ್ಪತ್ತನೆಯವನ ಬೆನ್ನಿಗೆ ಅವಳು ಹೆಜ್ಜೆ ಇಟ್ಟಳು. ಹಗ್ಗ ಅವಳ ಎದೆಗೆ ಅಡ್ಡ ಇಳಿಯಿತು.

"ಮದುವೆಯಾದ ಮೇಲೆ ನಿಮ್ಮನ್ನ ಇದು ಬೇಕು ಅಂತ ಕೇಳಿದವಳಲ್ಲ," ಅಂದಳು. "ಇದೊಂದು ಕೇಳ್ತಿದೀನಿ. ಎತ್ತಿ."

"ಇಲ್ಲ," ಅಂದ. "ಎತ್ತಲ್ಲ."