ಗುಳ್ಳೆಯಲ್ಲಿ ಹಿಡಿಸದ ಮಾತು

"ಮಂಚಾನ ಒಂಚೂರು ಕಿಟಕಿ ಕಡೆ ತಿರುಗಿಸ್ರೋ. ಮೂಗಿನ ನೆರಳು ಬಾಯಿ ಮೇಲೆ ಬೀಳ್ತಿದೆ," ಎಂದು ಚಿಕ್ಕಮಾವ ಪೆನ್ಸಿಲಿನಿಂದಲೇ ಸನ್ನೆ ಮಾಡಿದ. ಮಂಚದ ಮೇಲೆ ಅವನ ಸ್ವಂತ ಅಕ್ಕ ಸತ್ತು ಮಲಗಿದ್ದಳು. ನೆರೆಯವರಿಬ್ಬರು ಬಂದು ತಿರುಗಿಸಿದರು. ಹೆಣದ ತಲೆ ಒಮ್ಮೆ ಅತ್ತ, ಒಮ್ಮೆ ಇತ್ತ ಆಡಿತು.

"ಸಾಕು ಮಾವ, ಅದೇನು ಚಿತ್ರ ಬರೆಯೋ ಹೊತ್ತಾ?" ಎಂದಳು ಸತ್ತವಳ ಮಗಳು.

"ಇರೇ ಪುಟ್ಟಿ, ಬಾಯೊಂದು ಬಾಕಿ. ಇವಳ ಬಾಯಿ ನಾನು ಯಾವತ್ತೂ ಬರೆದೋನಲ್ಲ, ಕೈಗೆ ಅಭ್ಯಾಸವಿಲ್ಲ."

ಪುಟ್ಟಿಗೆ ಐವತ್ತೆರಡು ತುಂಬಿತ್ತು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಉಜ್ಜಿ ಬೆರಳಿನ ತುದಿಗಳೆಲ್ಲ ನುಣುಪಾಗಿದ್ದವು. ಮಾವಂದಿರ ಲೆಕ್ಕದಲ್ಲಿ ಅವಳಿನ್ನೂ ಫ್ರಾಕು ಬಿಟ್ಟಿರಲಿಲ್ಲ.

ಚಿಕ್ಕಮಾವ ಹೇಳಿದ್ದು ಮಾತ್ರ ನಿಜ. ಅಣ್ಣತಮ್ಮಂದಿರಿಬ್ಬರೂ ಸೇರಿ ಮೂವತ್ತು ವರ್ಷ ಒಂದು ಕಾಮಿಕ್ಸ್ ಪತ್ರಿಕೆಯನ್ನು ಕದ್ದುಮುಚ್ಚಿ ನಡೆಸಿದ್ದರು. ದೊಡ್ಡಮಾವ ಮಾತು ಬರೆಯುವುದು, ಚಿಕ್ಕಮಾವ ಚಿತ್ರ ಬರೆಯುವುದು. ಹಿತ್ತಿಲ ಶೆಡ್ಡಿನ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಅಚ್ಚಾಗಿ ಅದು ಕೈಯಿಂದ ಕೈಗೆ ಹೋಗುತ್ತಿತ್ತು. ಮಂತ್ರಿ, ಪೊಲೀಸು, ಮೇಷ್ಟ್ರು, ನೆರೆಮನೆಯವರು, ಎಲ್ಲರಿಗೂ ಉಗಿಯುವುದೇ ಅದರ ಕಸುಬು. ಉಗಿಯಲು ಯಾರೂ ಸಿಗದ ತಿಂಗಳು ಮನೆಯಲ್ಲಿ ಅಕ್ಕ ಇದ್ದೇ ಇದ್ದಳಲ್ಲ! ಗಂಡ ಸತ್ತ ಮೇಲೆ ಮಗಳನ್ನು ಕಟ್ಟಿಕೊಂಡು ಹಿಂದಿನ ಕೋಣೆ ಸೇರಿದವಳು. ಅವಳನ್ನು ಪೊರಕೆಯಮ್ಮ ಎಂದು ಮಾಡಿ, ಕೈಗೊಂದು ಪೊರಕೆ ಕೊಟ್ಟು, ಮೂಗಿನ ಕೆಳಗೆ ಏನನ್ನೂ ಬರೆಯದೆ ಬಿಟ್ಟರು. ಮಾತಿನ ಗುಳ್ಳೆ ಎಲ್ಲರ ತಲೆಯ ಮೇಲೂ ಇತ್ತು, ನಾಯಿಯ ತಲೆಯ ಮೇಲೂ ಇತ್ತು. ಅವಳ ತಲೆಯ ಮೇಲೆ ಇರಲಿಲ್ಲ.

ಆ ಗುಳ್ಳೆಗಳೊಳಗೆ ಅಕ್ಷರ ಕೂರಿಸುತ್ತಿದ್ದವಳು ಮಾತ್ರ ಅವಳೇ. ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಉಕ್ಕಿನ ಮೊನೆಯಿಂದ ಹರಿಯದ ಹಾಗೆ ಕೊರೆಯುವ ಕೆಲಸ. ದೊಡ್ಡಮಾವ ಕೈ ಹಾಕಿದರೆ ಹಾಳೆ ಜರಡಿಯಾಗುತ್ತಿತ್ತು.

ಗೋಡೆಗೊರಗಿ ನಿಂತಿದ್ದ ಪ್ರಕಾಶಕನ ಹತ್ತಿರ ಪುಟ್ಟಿ ಹೋದಳು. ಎಲ್ಲ ಸಂಚಿಕೆಗಳನ್ನೂ ಒಟ್ಟುಗೂಡಿಸಿ ದಪ್ಪ ಪುಸ್ತಕ ತರುವವನು ಅವನು.

"ಮೊದಲ ಪುಟದಲ್ಲಿ ಅಮ್ಮನ ಹೆಸರೂ ಇರಲಿ ಸರ್. ನಾನು ಕೇಳೋದು ಇದೊಂದೇ."

ಅವನು ಬಾಯಿ ತೆರೆಯುವ ಮೊದಲೇ ಕುರ್ಚಿಯಲ್ಲಿದ್ದ ದೊಡ್ಡಮಾವ ನಕ್ಕ. "ಅಕ್ಷರ ಕೊರೆದೋಳ ಹೆಸರು ಹಾಕಿದ್ರೆ, ನಾಳೆ ಮೇಜು ಒರೆಸಿದೋರ ಹೆಸರೂ ಹಾಕ್ಬೇಕಾಗುತ್ತಮ್ಮ."

"ಮೇಜು ಒರೆಸಿದ್ದೂ ಅಮ್ಮನೇ."

"ನೋಡಿ ಸ್ವಾಮಿ, ನಾಲಿಗೆ ನೋಡಿ! ನನ್ನ ಸೋದರಸೊಸೆ ಅಂತ ಯಾರಾದ್ರೂ ಹೇಳ್ಬಹುದು."

ಪ್ರಕಾಶಕ ಹೆಣದ ಕಡೆ ನೋಡಿ, ನಗುವುದೋ ಬಿಡುವುದೋ ತಿಳಿಯದೆ ಕೆಮ್ಮಿದ.

ಅಷ್ಟರಲ್ಲಿ ಕೋಲೂರಿಕೊಂಡು ಮುದುಕನೊಬ್ಬ ಬಂದ. ಪೊಲೀಸರು ಹುಡುಕುತ್ತಿದ್ದ ಕಾಲದಲ್ಲಿ ಪತ್ರಿಕೆಯನ್ನು ಸೀಟಿನಡಿ ಇಟ್ಟು ಊರೂರಿಗೆ ಮುಟ್ಟಿಸಿದ ಬಸ್ ಡ್ರೈವರ್. ಮಂಚಕ್ಕೆ ಕೈಮುಗಿದು, ಕಣ್ಣೊರೆಸಿಕೊಂಡು, ದೊಡ್ಡಮಾವನ ಕೈ ಹಿಡಿದ.

"ಅಣ್ಣಾ, ಎಂಥೆಂಥಾ ಮಾತು ಬರೆದ್ರಿ! ಆ ಮಂತ್ರಿ ಒಬ್ಬನ ಎದೆ ಮೇಲೆ ಕಾಲಿಟ್ಟು ಭಾಷಣ ಮಾಡ್ತಿರ್ತಾನಲ್ಲ, ಕೆಳಗೆ ಬಿದ್ದೋನು ಅಂತಾನೆ: 'ಸ್ವಾಮಿ, ಫೋಟೋ ಆಯ್ತಾ? ಒಂಚೂರು ಉಸಿರಾಡಬೇಕಿತ್ತು.'"

ಸಾವಿನ ಮನೆ ಎಂಬುದನ್ನೂ ಮರೆತು ಜನ ನಕ್ಕರು.

"ಒಂದೇ ಏಟಿಗೆ ಬಂದ ಮಾತು ಅದು. ತಿದ್ದಲಿಲ್ಲ, ತೀಡಲಿಲ್ಲ," ಎಂದ ದೊಡ್ಡಮಾವ ಗಲ್ಲ ಸವರಿಕೊಳ್ಳುತ್ತ.

*

ಆ ಮಂತ್ರಿಯ ಪುಟ ಕೊರೆದ ಮಧ್ಯಾಹ್ನ ಇಪ್ಪತ್ತರ ಪುಟ್ಟಿ ಅಮ್ಮನ ಪಕ್ಕದಲ್ಲೇ ಕೂತಿದ್ದಳು. ದೊಡ್ಡಮಾವ ಕೊಟ್ಟ ಹಾಳೆಯಲ್ಲಿ ಕೆಳಗೆ ಬಿದ್ದವನು ಹೀಗೆ ಗುಡುಗಿದ್ದ: "ಎಲೈ ಜನದ್ರೋಹಿಯೇ, ನಿನ್ನ ಅಧಿಕಾರದ ಅಟ್ಟಹಾಸವು ದೀನದಲಿತರ ನೆತ್ತರಿನಲ್ಲಿ ಮಿಂದು ಮೆರೆಯುತ್ತಿರುವುದನ್ನು ಇತಿಹಾಸವು ಗಮನಿಸುತ್ತಿದೆ!"

ಅಮ್ಮ ಅದನ್ನು ಎರಡು ಸಲ ಓದಿದಳು. ಗುಳ್ಳೆಯ ಅಗಲವನ್ನು ಬೆರಳಿನಿಂದ ಅಳೆದಳು. ಆಮೇಲೆ ಬೇರೆಯದೇ ಕೊರೆಯತೊಡಗಿದಳು.

"ಅಮ್ಮಾ, ಮಾವ ಬರೆದಿರೋದು ಇದಲ್ಲ."

"ಗೊತ್ತು. ಹಿಡಿಸಲಿಲ್ಲ."

"ಗುಳ್ಳೆಗೋ, ನಿನಗೋ?"

ಅಮ್ಮ ಮೇಣದ ಪುಡಿಯನ್ನು ಊದಿದಳು. "ಕೆಲಸ ನೋಡು."

"ಮಾವ ಬೈದ್ರೆ?"

"ಅಚ್ಚಾದ್ಮೇಲೆ ಅವನೆಲ್ಲಿ ಓದ್ತಾನೆ! ಬರೆದದ್ದನ್ನ ಓದೋದು ಗುಮಾಸ್ತರ ಕೆಲಸವಂತೆ."

ಪ್ರತಿ ಸಂಚಿಕೆಯಲ್ಲೂ ಹಾಗೇ ನಡೆಯಿತು. ಜನ ಬಂದು ಅಮ್ಮನ ಮಾತನ್ನು ದೊಡ್ಡಮಾವನಿಗೇ ಒಪ್ಪಿಸುತ್ತಿದ್ದರು. ಮೊದಮೊದಲು ಅವನು ಹುಬ್ಬು ಗಂಟಿಕ್ಕುತ್ತಿದ್ದ. ಆಮೇಲೆ ತಾನೇ ಬರೆದೆನೆಂದು ನಂಬಿದ. ಹೊಗಳಿಕೆ ಮನೆಬಾಗಿಲಿಗೆ ಬಂದರೆ ವಿಳಾಸ ಕೇಳುವ ಪೈಕಿಯಲ್ಲ ಅವನು.

*

"ಒಂದು ತೊಂದರೆ ಇದೆ ಸರ್," ಎಂದ ಪ್ರಕಾಶಕ. "ಹಳೇ ಸಂಚಿಕೆಗಳಲ್ಲಿ ಶಾಯಿ ಹರಡಿ ಅರ್ಧಕ್ಕರ್ಧ ಅಕ್ಷರ ಕಾಣ್ತಿಲ್ಲ. ಮಾತನ್ನೆಲ್ಲ ಹೊಸದಾಗಿ ಕೂರಿಸ್ಬೇಕು. ನಿಮ್ಮ ಕೈಬರಹದ ಹಾಳೆಗಳೇನಾದ್ರೂ ಉಳಿದಿದ್ರೆ..."

"ಏನಾದ್ರೂ ಅಂದ್ರೆ? ಒಂದೂ ಬಿಡದ ಹಾಗೆ ಇಟ್ಟಿದ್ದೀನಿ!" ದೊಡ್ಡಮಾವ ಎದ್ದೇ ಬಿಟ್ಟ. "ನಾನು ಬರೆದದ್ದು ಬರೆದ ಹಾಗೇ ಅಚ್ಚಾಗ್ಬೇಕು, ಆಯ್ತಾ?"

ಪುಟ್ಟಿ ಲೆಕ್ಕ ಹಾಕಿದಳು. ಈಗ ಬಾಯಿ ಬಿಡದಿದ್ದರೆ ಅಮ್ಮನ ಹೆಸರಿನ ಜೊತೆಗೆ ಅಮ್ಮನ ಮಾತೂ ಹೋಗುತ್ತದೆ. ಬಿಟ್ಟರೆ, ಅಮ್ಮ ತಿದ್ದಿದ ಮಾತೆಲ್ಲ ಇನ್ನೊಮ್ಮೆ ದೊಡ್ಡಮಾವನ ಹೆಸರಿನಲ್ಲೇ, ಈ ಸಲ ಗಟ್ಟಿ ರಟ್ಟಿನೊಳಗೆ ಕೂರುತ್ತದೆ. ಅವಳು ಡ್ರೈವರನ ಪಕ್ಕಕ್ಕೆ ಬಂದಳು.

"ತಾತಾ, ನಿಮಗೆ ಇನ್ನೆಷ್ಟು ಮಾತು ನೆನಪಿದೆ?"

"ಎಷ್ಟು ಅಂದ್ರೆ? ಎಲ್ಲಾ ನೆನಪಿದೆಯಮ್ಮ. ನನ್ನ ಮೊಮ್ಮಕ್ಕಳಿಗೂ ಬರುತ್ತೆ."

ಪುಟ್ಟಿ ಪ್ರಕಾಶಕನ ಕಡೆ ತಿರುಗಿದಳು. "ಅಮ್ಮನ ಹೆಸರು ಬೇಡ ಸರ್. ಮಾವ ಬರೆದದ್ದನ್ನೇ ಹಾಕಿ. ಒಂದಕ್ಷರವನ್ನೂ ಆಚೀಚೆ ಮಾಡ್ಬೇಡಿ."

"ಈಗ ಬುದ್ಧಿ ಬಂತು ನೋಡು," ಎಂದು ದೊಡ್ಡಮಾವ ಅವಳ ತಲೆ ಸವರಿ, ಒಳಗಿನಿಂದ ಹಾಳೆಗಳ ಕಟ್ಟು ತಂದು ಪ್ರಕಾಶಕನ ಕೈಗಿಟ್ಟ.

ಹೊರಗೆ ವಾಹನ ಬಂದು ನಿಂತಿತು. ನಾಲ್ವರು ಅಮ್ಮನನ್ನು ಎತ್ತಿ ಒಳಗಿಟ್ಟರು. ಪುಟ್ಟಿ ಹತ್ತಿ ಅವಳ ಪಕ್ಕದಲ್ಲಿ ಕೂತು, ಹಿಂದಿನ ಗಾಜಿನಿಂದ ನೋಡಿದಳು. ಉಳಿದವರೆಲ್ಲ ಹೊರಟಿದ್ದರು. ಹೊಸ್ತಿಲ ಮೇಲೆ ಪ್ರಕಾಶಕ ಮಂತ್ರಿಯ ಪುಟ ಹಿಡಿದು ನಿಂತಿದ್ದ. ಪಕ್ಕದಲ್ಲಿ ದೊಡ್ಡಮಾವ, ಅವನು ನಕ್ಕ ಕೂಡಲೇ ತಾನೂ ನಗಬೇಕೆಂದು ಹಲ್ಲು ಬಿಟ್ಟುಕೊಂಡು ಕಾಯುತ್ತಿದ್ದ. ಪ್ರಕಾಶಕ ಕೊನೆಯ ಸಾಲಿನವರೆಗೂ ಓದಿದ. ಆಮೇಲೆ ಹಾಳೆಯನ್ನು ಮಗುಚಿ, ಹಿಂಬದಿಯಲ್ಲಿ ಇನ್ನೇನಾದರೂ ಬರೆದಿದೆಯೇ ಎಂದು ನೋಡಿದ.